ಹೆಣ್ಣು ಬಾತಿನ ಹಿಂಭಾಗ ಸದಾ ಗಲೀಜು, ಬಿಳಿ ಪೇಸ್ಟ್ ತರ ಅಂಟಿಕೊಳ್ಳುತ್ತಿದೆ. ಏನು ಮಾಡಲಿ?

ಉಲ್ಲಾಳ ಬಾತುಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಉಲ್ಲಾಳದ ಕಡೆ ಥರ್ಟಿ ಫಾರ್ಟಿ ಸೈಟು. ಪಕ್ಕದ ಖಾಲಿ ಸೈಟಿನವರು ಬೇಲಿ ಹಾಕಿಕೊಳ್ಳಲು ಒಪ್ಪಿದ್ದರಿಂದ ಅಲ್ಲಿ ನಾಲ್ಕು ಬಾತು ಸಾಕಿದ್ದೇವೆ. ಮೂರು ಖಾಕಿ ಕ್ಯಾಂಪ್‌ಬೆಲ್ ಹೆಣ್ಣು, ಒಂದು ಬಿಳಿ ಪೆಕಿನ್ ಗಂಡು. ಸಾಕಿದ್ದು ನಾನು, ಆದರೆ ಅವು ಮಾತು ಕೇಳೋದು ಅಮ್ಮನದ್ದು.

ತೊಂದರೆ ಹೆಣ್ಣುಗಳಲ್ಲಿ ಒಬ್ಬಳಾದ ಕೆಂಚಿಯದ್ದು. ಮಳೆ ಹಿಡಿದ ಮೇಲೆ ಅವಳು ನೀರು ನೀರಾಗಿ ಹಿಕ್ಕೆ ಹಾಕಲು ಶುರು ಮಾಡಿದಳು. ಫೀಡ್ ಅಂಗಡಿಯವರನ್ನು ಕೇಳಿದೆ. ಹಳದಿ ಪುಡಿಯೊಂದನ್ನು ಸಣ್ಣ ಕವರಿನಲ್ಲಿ ಕಟ್ಟಿ ಕೊಟ್ಟು "ನೀರಿಗೆ ಬೆರೆಸಿ ಇಡಿ, ನಿಂತು ಹೋಗುತ್ತೆ" ಅಂದರು. ಹೆಸರಿಲ್ಲ, ಅಳತೆ ಇಲ್ಲ. ಮೊದಲು ಸ್ವಲ್ಪ ಗಟ್ಟಿಯಾಯಿತು. ಆಮೇಲೆ ಬಂದಿದ್ದು ಇದು: ಗುದದ್ವಾರದ ಸುತ್ತ ಬಿಳಿ, ಸ್ವಲ್ಪ ಹಳದಿ ಬಣ್ಣದ ಪೇಸ್ಟ್. ಪುಕ್ಕಕ್ಕೆ ಗಟ್ಟಿಯಾಗಿ ಅಂಟಿದೆ. ಹುಳಿ ಬಂದ ಹಿಟ್ಟಿನ ವಾಸನೆ, ಅದರ ಮೇಲೆ ಕೊಳೆತ ವಾಸನೆ. ಚರ್ಮ ಕೆಂಪಗಾಗಿದೆ. ತೊಳೆದರೆ ಮರುದಿನ ಮತ್ತೆ ಹಾಗೇ.

ತಿನ್ನುತ್ತಾಳೆ, ಆದರೆ ಮೊದಲಿನ ಹಾಗೆ ಮುನ್ನುಗ್ಗಿ ತಿನ್ನಲ್ಲ. ಮೊಟ್ಟೆ ಇಡುತ್ತಿದ್ದಾಳೆ, ಚಿಪ್ಪು ಮೆತ್ತಗೆ. ಉಳಿದ ಮೂರೂ ಚೆನ್ನಾಗಿವೆ. ಅಮ್ಮ ಬೇವಿನ ಸೊಪ್ಪಿನ ನೀರಿನಲ್ಲಿ ತೊಳೆದು ಅರಿಶಿನ ಹಚ್ಚುತ್ತಿದ್ದಾರೆ. ಅದರಿಂದ ಬಾತು ಹಳದಿ ಆಗಿದೆ, ಬೇರೇನೂ ಆಗಿಲ್ಲ.

ಫೋಟೋ ಕೆಳಗೆ ಹಾಕಿದ್ದೇನೆ. ಊಟದ ಹೊತ್ತಿನಲ್ಲಿ ತೆರೆಯಬೇಡಿ.

ಮಾಗಡಿ ರೋಡ್ ಕೋಳಿ

ಗುರು, ಇದು ಫಂಗಸ್. ಕೋಳಿಗೂ ಬರುತ್ತೆ. ಕುಡಿಯೋ ನೀರಿಗೆ ಒಂದು ಚಿಟಿಕೆ ಮೈಲುತುತ್ತ ಹಾಕು, ವಾರದಲ್ಲಿ ಕ್ಲೀನ್. ನಾವು ಯಾವಾಗಲೂ ಅದೇ ಮಾಡೋದು. ಆಸ್ಪತ್ರೆ ಅಂತ ಸುಮ್ನೆ ದುಡ್ಡು ಕಳ್ಕೋಬೇಡ.

ಯಲಹಂಕದ ಅಜ್ಜಿ

ಮೈಲುತುತ್ತ ಪಕ್ಕಕ್ಕಿಡಿ. ಫಂಗಸ್ ಅಂದಿದ್ದು ಸರಿ ಇರಬಹುದು, ಔಷಧಿ ಸರಿಯಿಲ್ಲ. ಅದು ತಾಮ್ರದ ಉಪ್ಪು. ಕೆಲಸ ಮಾಡುವ ಅಳತೆಗೂ ವಿಷವಾಗುವ ಅಳತೆಗೂ ಅಂತರ ತೀರಾ ಕಡಿಮೆ. ಒಂದು ಚಿಟಿಕೆ ಅಂದರೆ ಯಾರ ಬೆರಳಿನ ಚಿಟಿಕೆ, ಎಷ್ಟು ಲೀಟರಿಗೆ? ಬಾತು ನೀರು ಕುಡಿಯುವುದು ಕೋಳಿಗಿಂತ ಎಷ್ಟೋ ಜಾಸ್ತಿ. ಕೋಳಿಯ ಲೆಕ್ಕ ಬಾತಿಗೆ ತಂದು ಹಾಕಿದರೆ ಬಾತಿನ ಹೊಟ್ಟೆಗೆ ಹೋಗೋದು ಎರಡು ಪಾಲು.

ಈಗ ಕೆಂಚಿ ವಿಷಯ. ನಾನು ಡಾಕ್ಟರಲ್ಲ. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಿಂದ ಖಾಕಿ ಕ್ಯಾಂಪ್‌ಬೆಲ್ ಮರಿ ತಂದು ಬಾತು ಸಾಕಲು ಶುರು ಮಾಡಿದವಳು, ಇನ್ನೂ ಬಿಟ್ಟಿಲ್ಲ. ನನ್ನ ಯಜಮಾನರು ಇದ್ದಷ್ಟು ದಿನ ಮೂಗು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಹಾಗಾಗಿ ಹಿಕ್ಕೆಯ ವಿಷಯದಲ್ಲಿ ನನಗೆ ನಾಚಿಕೆ ಇಲ್ಲ.

ಬಾತಿಗೆ ಹಿಕ್ಕೆ, ಮೂತ್ರದ ಬಿಳಿ ಉಪ್ಪು, ಮೊಟ್ಟೆ ಎಲ್ಲ ಹೊರಬರುವುದು ಒಂದೇ ಬಾಗಿಲಿನಿಂದ. ಆದ್ದರಿಂದ ಅಲ್ಲಿ ಗಲೀಜು ಕಂಡರೆ ತಪ್ಪು ಕರುಳಿನದ್ದೋ, ಕಿಡ್ನಿಯದ್ದೋ, ಮೊಟ್ಟೆನಾಳದ್ದೋ ಅಂತ ಮೊದಲು ಬೇರ್ಪಡಿಸಬೇಕು. ಎಲ್ಲದಕ್ಕೂ ಒಂದೇ ಪುಡಿ ಅನ್ನೋರು ಇದನ್ನು ನೋಡೋದೇ ಇಲ್ಲ. ರಾತ್ರಿ ಗೂಡಿನಲ್ಲಿ ಅವಳೊಬ್ಬಳನ್ನೇ ಬಿಟ್ಟು ಕೆಳಗೆ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಪೇಪರ್ ಓದಿ.

ಕಂದು ಅಥವಾ ಕಡು ಹಸಿರು ಮುದ್ದೆ, ಮೇಲೆ ಬಿಳಿ ಟೋಪಿ, ಸುತ್ತ ನೀರು. ಇದು ಸರಿಯಾದದ್ದು. ಬಾತಿನ ಹಿಕ್ಕೆ ಕೋಳಿಯದಕ್ಕಿಂತ ಯಾವಾಗಲೂ ನೀರು, ಹೊಸಬರು ಅದನ್ನೇ ಭೇದಿ ಅಂದುಕೊಂಡು ಔಷಧಿ ಶುರು ಮಾಡುತ್ತಾರೆ. ದಿನದಲ್ಲಿ ಕೆಲವು ಸಲ ಕಂದು ಕೆಸರಿನ ಹಾಗೆ ಅಂಟಂಟು, ಗಬ್ಬು ನಾರುವ ಹಿಕ್ಕೆಯೂ ಬರುತ್ತದೆ. ಅದು ಕರುಳಿನ ಕುರುಡು ಚೀಲದಿಂದ ಬರುವುದು, ಅದೂ ಸರಿಯೇ. ಎಳೆ ಹಸಿರು, ಬರೀ ಪಿತ್ತದ ತರ ಇದ್ದರೆ ಹೊಟ್ಟೆಗೆ ಆಹಾರ ಹೋಗುತ್ತಿಲ್ಲ ಅಂತ ಅರ್ಥ. ಕಾಳು ಕಾಳಾಗಿಯೇ ಬಂದರೆ ಅರೆಯಲು ಹೊಟ್ಟೆಯಲ್ಲಿ ಕಲ್ಲಿಲ್ಲ, ಒಂದು ಬಟ್ಟಲು ದಪ್ಪ ಮರಳು ಇಡಿ. ರಕ್ತ ಕಂಡರೆ ಪೇಪರ್ ಓದುತ್ತಾ ಕೂರಬೇಡಿ, ಹೊರಡಿ.

ನೀವು ಹೇಳಿದ್ದು ಇದ್ಯಾವುದೂ ಅಲ್ಲ. ಬಿಳಿ ಪೇಸ್ಟ್, ಹುಳಿ ವಾಸನೆ, ಕೆಂಪು ಚರ್ಮ, ಅದೂ ಹಳದಿ ಪುಡಿಯ ನಂತರ. ಪುಡಿ ಯಾವುದು ಅಂತ ಗೊತ್ತಿಲ್ಲದಿದ್ದರೂ ಆಂಟಿಬಯೋಟಿಕ್ ಇರುವ ಸಾಧ್ಯತೆ ಜಾಸ್ತಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ಯೀಸ್ಟಿಗೆ ಜಾಗ ಸಿಗುತ್ತದೆ. ಕ್ಯಾಂಡಿಡಾ ಅನ್ನುವ ಯೀಸ್ಟು ಎಲ್ಲ ಹಕ್ಕಿಗಳಲ್ಲೂ ಸ್ವಲ್ಪ ಇದ್ದೇ ಇರುತ್ತದೆ, ತಡೆಯುವವರು ಇಲ್ಲ ಅಂದಾಗ ಬೆಳೆಯುತ್ತದೆ. ಈ ಕಾಯಿಲೆಗೆ ಇಂಗ್ಲಿಷ್‌ನಲ್ಲಿ ವೆಂಟ್ ಗ್ಲೀಟ್ ಅನ್ನುತ್ತಾರೆ. ಆದರೆ ಬ್ಯಾಕ್ಟೀರಿಯಾ ಸೋಂಕಿನಿಂದಲೂ ಹೀಗೇ ಆಗಬಹುದು, ಕಣ್ಣಿಗೆ ಎರಡೂ ಒಂದೇ. ಹತ್ತಿಯಲ್ಲಿ ಒರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಗೊತ್ತಾಗೋದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವತ್ತಿನ ಬೆಳಗಿನ ಹಿಕ್ಕೆಯನ್ನು ಶುದ್ಧವಾದ ಡಬ್ಬಿಯಲ್ಲಿ ಹಾಕಿಕೊಳ್ಳಿ. ಜಂತುಹುಳದ ಮೊಟ್ಟೆ, ಕಾಕ್ಸಿಡಿಯಾ ಅನ್ನುವ ಕರುಳಿನ ಸೂಕ್ಷ್ಮ ಪರೋಪಜೀವಿ ಎರಡೂ ಅದರಲ್ಲೇ ಗೊತ್ತಾಗುತ್ತದೆ.

ಅಲ್ಲಿಯವರೆಗೆ ತೊಳೆಯುವ ಕ್ರಮ ಬದಲಿಸಿ. ಅಂಟಿದ್ದನ್ನು ಕೀಳಬೇಡಿ, ಚರ್ಮ ಕಿತ್ತು ಬರುತ್ತದೆ. ಅಗಲವಾದ ಟಬ್ಬಿನಲ್ಲಿ ಮೊಣಕೈ ಅದ್ದಿದರೆ ಹಿತವಾಗುವಷ್ಟು ಬೆಚ್ಚಗಿನ ನೀರು, ಅದರಲ್ಲಿ ಅವಳು ಸ್ವಲ್ಪ ಹೊತ್ತು ಕೂರಲಿ. ಬಾತಿಗೆ ಸ್ನಾನ ಅಂದರೆ ಖುಷಿಯೇ, ಜಗಳ ಇರಲ್ಲ. ಮೆತ್ತಗಾದ ಮೇಲೆ ಬೆರಳಿನಲ್ಲಿ ಬಿಡಿಸಿ. ಗಟ್ಟಿಯಾದ ಪುಕ್ಕವನ್ನು ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ. ಹೊಸದಾಗಿ ಬರುತ್ತಿರುವ ಪುಕ್ಕದೊಳಗೆ ರಕ್ತ ಇರುತ್ತದೆ. ಕೊನೆಗೆ ಪೊವಿಡೋನ್ ಅಯೋಡಿನ್ ಅನ್ನು ನೀರಿಗೆ ಬೆರೆಸಿ, ತಿಳಿ ಚಹಾದ ಬಣ್ಣ ಬರುವಷ್ಟು, ಹೊರಗಿನ ಚರ್ಮ ಮಾತ್ರ ಒರೆಸಿ. ಒಳಗೆ ಬಿಡಬೇಡಿ. ಪೂರ್ತಿ ಒಣಗಿಸಿ. ಬೇವಿನ ನೀರು ತೊಂದರೆ ಇಲ್ಲ, ಅಮ್ಮನಿಗೆ ಹೇಳಿ. ಅರಿಶಿನ ಮಾತ್ರ ನಿಲ್ಲಿಸಲಿ, ಅದು ಒಣಗಿ ಪದರ ಕಟ್ಟಿದರೆ ಕೆಳಗಿನ ಚರ್ಮ ಏನಾಗಿದೆ ಅಂತ ಕಾಣಲ್ಲ.

ಇನ್ನೊಂದು, ಮಳೆಗಾಲ ಆದ್ದರಿಂದ ಹೇಳುತ್ತಿದ್ದೇನೆ. ಪುಕ್ಕ ಸರಿಸಿ ಟಾರ್ಚ್ ಹಾಕಿ ನೋಡಿ. ಗಲೀಜಾದ ಹಿಂಭಾಗದಲ್ಲಿ ನೊಣ ಮೊಟ್ಟೆ ಇಡುತ್ತದೆ, ಹುಳ ಆದರೆ ಬದುಕಿರುವ ಹಕ್ಕಿಯನ್ನೇ ತಿನ್ನುತ್ತವೆ. ಅಕ್ಕಿನುಚ್ಚಿನ ತರ ಬಿಳಿ ಗೊಂಚಲು ಕಂಡರೆ ಅವತ್ತೇ ಆಸ್ಪತ್ರೆ.

ಇನ್ನು ಆ ಮೆತ್ತಗಿನ ಚಿಪ್ಪು. ಅದು ಬೇರೆ ಕಥೆ ಅನ್ನಿಸುತ್ತದೆ, ಆದರೆ ಇದಕ್ಕೂ ಕೈ ಸೇರಿಸಬಹುದು. ಚಿಪ್ಪಿಲ್ಲದ ಮೊಟ್ಟೆ ಜಾರುವುದಿಲ್ಲ, ತಳ್ಳಲು ಬಾತು ತಿಣುಕಬೇಕು. ತಿಣುಕಿ ತಿಣುಕಿ ಒಳಗಿನದ್ದು ಹೊರಗೆ ಬರಬಹುದು, ಮೊಟ್ಟೆ ಸಿಕ್ಕಿಕೊಳ್ಳಲೂಬಹುದು. ಎದೆ ಎತ್ತಿ ನೆಟ್ಟಗೆ ನಿಂತು, ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ಮೊಟ್ಟೆ ಸಿಕ್ಕಿದೆ ಅಂತಲೇ ಲೆಕ್ಕ. ಆಗ ಬೆಚ್ಚಗಿನ ನೀರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಹಿಂಡಬೇಡಿ, ಒಳಗೆ ಮೊಟ್ಟೆ ಒಡೆದರೆ ಉಳಿಯೋದು ಕಷ್ಟ.

ಏನು ತಿನ್ನಿಸುತ್ತಿದ್ದೀರಿ? ಮೂಟೆ ಎಲ್ಲಿಡುತ್ತೀರಿ? ಅದನ್ನು ನೀವು ಬರೆದೇ ಇಲ್ಲ.

ಉಲ್ಲಾಳ ಬಾತುಮನೆ

ಅಜ್ಜಿ, ತುಂಬಾ ಥ್ಯಾಂಕ್ಸ್. ಹುಳ ಇಲ್ಲ, ಟಾರ್ಚ್ ಹಾಕಿ ನೋಡಿದೆ. ಪೇಪರ್ ಕೂಡ ಹಾಸಿದ್ದೇನೆ.

ತಿನ್ನಿಸೋದು ಮುಸುಕಿನ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ, ಮನೆಯ ಅನ್ನ. ಹಿಂಡಿ ಅದೇ ಅಂಗಡಿಯದ್ದು. ನಿಮ್ಮ ಪ್ರಶ್ನೆ ಓದಿ ಮೂಟೆಯನ್ನು ಪೂರ್ತಿ ಸುರಿದು ನೋಡಿದೆವು. ಮೇಲಿನದ್ದು ಚೆನ್ನಾಗಿದೆ. ತಳದಲ್ಲಿ ಹೆಂಟೆ ಹೆಂಟೆ, ಹಸಿರು ಬೂಷ್ಟು, ಹಳೇ ಗೋಡೌನ್ ವಾಸನೆ. ಅಂಗಡಿಗೆ ಫೋನ್ ಮಾಡಿದರೆ "ಮಳೆಗಾಲದಲ್ಲಿ ಇದೆಲ್ಲಾ ಇದ್ದದ್ದೇ ಸರ್, ಬಿಸಿಲಿಗೆ ಹಾಕಿ ಜರಡಿ ಹಿಡಿದು ಕೊಡಿ" ಅಂದರು. ಬಿಸಿಲು ಎಲ್ಲಿದೆ ಅಂತ ಕೇಳಬೇಕು ಅನ್ನಿಸಿತು. ಬೇಯಿಸಿ ಕೊಟ್ಟರೆ ಆಗುತ್ತಾ? ಇಲ್ಲದಿದ್ದರೆ ಹಾಲಿನವನು ಹಸುವಿಗೆ ಕೇಳುತ್ತಿದ್ದಾನೆ, ಕೊಟ್ಟುಬಿಡಲಾ? ಹೆಚ್ಚುಕಡಿಮೆ ಅರ್ಧ ಮೂಟೆ ಇದೆ.

ಯಲಹಂಕದ ಅಜ್ಜಿ

ಯಾರಿಗೂ ಕೊಡಬೇಡಿ. ಪೂರ್ತಿ ಮೂಟೆ ಹೂತುಬಿಡಿ. ಬಾತಿಗೂ ಬೇಡ, ಹಸುವಿಗೂ ಬೇಡ.

ಬೂಷ್ಟು ಕಾಣುವುದು ಅರ್ಧ ಮಾತ್ರ. ಅದು ಮಾಡಿಟ್ಟು ಹೋಗುವ ವಿಷ ಕಾಣಲ್ಲ. ಅಫ್ಲಾಟಾಕ್ಸಿನ್ ಅಂತ ಅದರ ಹೆಸರು. ಕಡಲೆಕಾಯಿ, ಮುಸುಕಿನ ಜೋಳ ಎರಡೂ ಅದಕ್ಕೆ ಇಷ್ಟದ ಜಾಗ, ನಿಮ್ಮ ಮನೆಯಲ್ಲಿ ಎರಡೂ ಇವೆ. ಜರಡಿ ಹಿಡಿದರೆ ಹೆಂಟೆ ಹೋಗುತ್ತದೆ, ವಿಷ ಹೋಗಲ್ಲ. ಬೇಯಿಸಿದರೂ ಹೋಗಲ್ಲ, ನಮ್ಮ ಅಡುಗೆಮನೆಯ ಬಿಸಿಗೆ ಅದು ಜಗ್ಗಲ್ಲ. ಹಸು ತಿಂದರೆ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಆ ಹಾಲು ನಿಮ್ಮ ಮನೆಗೇ ಬರೋದು ಅಲ್ವಾ?

ಈ ವಿಷ ಇದೆ ಅಂತ ಗೊತ್ತಾಗಿದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾಯಿಲೆ ಯಾವುದು ಅಂತ ಗೊತ್ತಾಗದೆ ಟರ್ಕಿ ಎಕ್ಸ್ ಅಂತ ಹೆಸರಿಟ್ಟರು. ಕೊನೆಗೆ ಹಿಡಿದಿದ್ದು ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿಯನ್ನು. ಬಾತುಮರಿಗಳೂ ಸತ್ತಿದ್ದವು. ಬಾತಿಗೆ ಈ ವಿಷ ಕೋಳಿಗಿಂತ ಎಷ್ಟು ಬೇಗ ತಾಗುತ್ತದೆ ಅಂದರೆ, ಆಗೆಲ್ಲ ಲ್ಯಾಬಿನಲ್ಲಿ ಹಿಂಡಿಯಲ್ಲಿ ವಿಷ ಇದೆಯಾ ಅಂತ ನೋಡಲು ಬಾತುಮರಿಗೇ ತಿನ್ನಿಸಿ ಅದರ ಲಿವರ್ ನೋಡುತ್ತಿದ್ದರು. ಕೋಳಿ ತಿಂದು ಅರಗಿಸಿಕೊಂಡ ಹಿಂಡಿ ಬಾತಿನ ಲಿವರ್ ಕೆಡಿಸಬಹುದು. "ನಮ್ಮ ಕೋಳಿಗೆ ಏನೂ ಆಗಿಲ್ಲ" ಅನ್ನುವ ಅಂಗಡಿಯವರ ಮಾತು ಸುಳ್ಳಲ್ಲದೇ ಇರಬಹುದು, ನಿಮಗೆ ಉಪಯೋಗವಿಲ್ಲ ಅಷ್ಟೇ.

ಕೆಂಚಿಯ ಮೊದಲ ಭೇದಿ ಅಲ್ಲಿಂದಲೇ ಬಂದಿರಬಹುದು. ಆಸ್ಪತ್ರೆಯಲ್ಲಿ ಹಿಂಡಿಯ ವಿಷಯ ಮರೆಯದೆ ಹೇಳಿ.

ಮುಂದಕ್ಕೆ ಹಿಂಡಿ ಸಹವಾಸವೇ ಬೇಡ. ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಹಕ್ಕಿಗೆ ಮಾಡಿದ ಆಹಾರ ಹಾಕಿ, ಸಣ್ಣ ಮೂಟೆ, ತಯಾರಾದ ದಿನಾಂಕ ನೋಡಿ ತನ್ನಿ. ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರವರೆಗೆ ಇರುತ್ತದೆ. ಜೋಳ, ಹಿಂಡಿ, ಅನ್ನದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುವ ಜಾತಿ. ಅಷ್ಟು ಚಿಪ್ಪಿಗೆ ಸುಣ್ಣ ಎಲ್ಲಿಂದ ತರಬೇಕು ಪಾಪ, ತನ್ನ ಮೂಳೆಯಿಂದ ತೆಗೆಯುತ್ತದೆ. ಪುಡಿ ಮಾಡಿದ ಕಪ್ಪೆಚಿಪ್ಪು ಬೇರೆ ಬಟ್ಟಲಲ್ಲಿ ಇಡಿ, ಬೇಕಾದವರು ತಿನ್ನುತ್ತಾರೆ. ಫೀಡಿಗೇ ಬೆರೆಸಿದರೆ ಗಂಡು ಕೂಡ ತಿನ್ನುತ್ತದೆ. ಅವನು ಮೊಟ್ಟೆ ಇಡಲ್ಲ, ಹೆಚ್ಚಾದ ಸುಣ್ಣ ಕಿಡ್ನಿಗೆ ಭಾರ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ. ಹಲಗೆ ಮೇಲಿಟ್ಟ ಮುಚ್ಚಳದ ಡ್ರಮ್ ಒಳ್ಳೆಯದು.

ಅನ್ನ ಕಡಿಮೆ ಮಾಡಿ. ಅಮ್ಮನಿಗೆ ಬೇಜಾರಾಗುತ್ತೆ, ಗೊತ್ತು. ಬದಲಿಗೆ ಸೊಪ್ಪು ಹೆಚ್ಚಿ ನೀರಿನಲ್ಲಿ ತೇಲಿಬಿಡಲು ಹೇಳಿ, ಅದು ನೋಡೋದಕ್ಕೂ ಚೆಂದ.

ಮಾಗಡಿ ರೋಡ್ ಕೋಳಿ

ಹಿಂಡಿ ವಿಷಯ ಒಪ್ಪಿದೆ ಅಜ್ಜಿ. ಮೈಲುತುತ್ತ ಮಾತ್ರ ನಮ್ಮಪ್ಪನ ಕಾಲದಿಂದ ಕೊಡ್ತಿದ್ದೀವಿ, ಏನೂ ಆಗಿಲ್ಲ.

ಯಲಹಂಕದ ಅಜ್ಜಿ

ನಿಮ್ಮಪ್ಪ ಕೋಳಿ ಸಾಕಿದ್ದು, ಬಾತಲ್ಲ. ಮುಂದೆ ಹೋಗೋಣ.

ಜಕ್ಕೂರು ಹೊಸಬ

ಇದೇ ಥ್ರೆಡ್ಡಿನಲ್ಲಿ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಗಂಡು ಬಾತಿಗೆ ಹಿಂದೆ ಗುಲಾಬಿ ಬಣ್ಣದ ತಿರುಚಿದ ಕರುಳಿನಂಥದ್ದು ಹೊರಗೆ ಜೋತು ಬಿದ್ದಿದೆ. ನಿನ್ನೆ ಸಂಜೆಯಿಂದ. ಮಣ್ಣು ಮೆತ್ತಿದೆ. ಕರುಳೇ ಹೊರಗೆ ಬಂದಿದೆಯಾ? ಹೆಂಡತಿ ಅಳುತ್ತಿದ್ದಾಳೆ. ಒಂದು ಗಂಡು, ಒಂದು ಹೆಣ್ಣು ಇವೆ.

ಯಲಹಂಕದ ಅಜ್ಜಿ

ಮನೆಯವರಿಗೆ ಸಮಾಧಾನ ಹೇಳಿ. ಗಂಡಿನಲ್ಲಿ ಹಾಗೆ ತಿರುಚಿಕೊಂಡಿದ್ದರೆ ಅದು ಬಹುಮಟ್ಟಿಗೆ ಕರುಳಲ್ಲ, ಅವನ ಲಿಂಗ. ಹೆಚ್ಚಿನ ಹಕ್ಕಿಗಳಿಗೆ ಅದು ಇರುವುದೇ ಇಲ್ಲ, ಬಾತಿಗೆ ಇದೆ, ಸ್ಕ್ರೂ ತರ ಸುರುಳಿಯಾಗಿರುತ್ತದೆ. ಕೆಲಸ ಮುಗಿದ ಮೇಲೆ ಒಳಗೆ ಹೋಗಬೇಕು. ಮಣ್ಣು ಮೆತ್ತಿ, ಊದಿಕೊಂಡು, ಒಣಗಿದರೆ ಹೋಗಲ್ಲ.

ಈಗಲೇ ಹೆಣ್ಣಿನಿಂದ ಬೇರೆ ಮಾಡಿ. ಅದು ಕುಕ್ಕಿದರೆ ಗಾಯ. ಬೆಚ್ಚಗಿನ ಉಪ್ಪುನೀರು ಹಾಕಿ ಮಣ್ಣು ತೊಳೆಯಿರಿ, ಉಜ್ಜಬೇಡಿ. ಊತ ಇದ್ದರೆ ಸಕ್ಕರೆಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಸ್ವಲ್ಪ ಹೊತ್ತು ಹಚ್ಚಿಡಿ, ಸಕ್ಕರೆ ನೀರೆಳೆದುಕೊಂಡು ಊತ ಇಳಿಸುತ್ತದೆ. ತೊಳೆದು, ಕೈಗವಸಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮೆಲ್ಲಗೆ ಒಳಗೆ ತಳ್ಳಿ ನೋಡಿ. ಹೋಗದಿದ್ದರೆ ಬಲ ಹಾಕಬೇಡಿ. ಒದ್ದೆ ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ. ಈಗಾಗಲೇ ಒಂದು ರಾತ್ರಿ ಕಳೆದಿದೆ, ನಾಳೆಗೆ ಇಡಬೇಡಿ. ಕಪ್ಪಗಾಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಗಾಬರಿ ಬೇಡ, ಬಾತು ಮೂತ್ರ ಮಾಡುವುದು ಅದರಿಂದಲ್ಲ. ಮರಿ ಮಾಡಲು ಆಗಲ್ಲ ಅಷ್ಟೇ, ಚೆನ್ನಾಗಿಯೇ ಬದುಕುತ್ತಾನೆ.

ಇದೇ ಹೆಣ್ಣಿಗೆ ಆದರೆ ಲೆಕ್ಕ ಬೇರೆ. ಅಲ್ಲಿ ಹೊರಗೆ ಬಂದಿರುವುದು ಮೊಟ್ಟೆನಾಳವೋ, ಕರುಳೋ. ಮೊಟ್ಟೆ ಇಟ್ಟಾಗೆಲ್ಲ ಮತ್ತೆ ಬರುತ್ತದೆ. ಕತ್ತಲೆ ಜಾಗದಲ್ಲಿಟ್ಟು ಮೊಟ್ಟೆ ನಿಲ್ಲಿಸಬೇಕು, ಡಾಕ್ಟರ್ ಹೊಲಿಗೆ ಹಾಕಬೇಕಾಗಬಹುದು.

ಒಂದು ಗಂಡಿಗೆ ಒಂದೇ ಹೆಣ್ಣು ಸಾಲದು. ನಾಲ್ಕೈದಾದರೂ ಇರಬೇಕು. ಇಲ್ಲದಿದ್ದರೆ ಅವಳ ಕುತ್ತಿಗೆಯ ಪುಕ್ಕ ಹೋಗುತ್ತದೆ, ಹಿಂಭಾಗವೂ ಗಾಯವಾಗುತ್ತದೆ. ಉಲ್ಲಾಳದವರೂ ಕೇಳಿಸಿಕೊಳ್ಳಿ. ಮೂರು ಹೆಣ್ಣು ಕಡಿಮೆಯೇ, ಅದೂ ಪೆಕಿನ್ ಗಂಡು ಖಾಕಿ ಹೆಣ್ಣಿಗಿಂತ ತುಂಬಾ ಭಾರ. ಕೆಂಚಿ ವಾಸಿಯಾಗುವವರೆಗೆ ಅವನನ್ನು ಹತ್ತಿರ ಬಿಡಬೇಡಿ.

ಜಕ್ಕೂರು ಹೊಸಬ

ಸಕ್ಕರೆ ಹಚ್ಚಿದೆ, ಊತ ಇಳಿಯಿತು, ಪೂರ್ತಿ ಒಳಗೆ ಹೋಗಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಡ್ರೈವರ್ ಏನಾಗಿದೆ ಅಂತ ಕೇಳುತ್ತಿದ್ದಾರೆ, ಏನು ಹೇಳಲಿ ಗೊತ್ತಾಗುತ್ತಿಲ್ಲ.

ತೋಟದ ಮನೆ, ದೊಡ್ಡಬಳ್ಳಾಪುರ

ಒಂದು ಮಾತು ಸೇರಿಸುತ್ತೇನೆ. ಒಂದು ಬಾತಿಗೆ ತೊಂದರೆ ಆದರೆ ಅಜ್ಜಿ ಹೇಳಿದ ಹಾಗೆ ಮಾಡಿ. ಆದರೆ ಒಟ್ಟಿಗೆ ಹಲವು ಬಾತುಗಳಿಗೆ ಹಸಿರು ಮಿಶ್ರಿತ ಅಥವಾ ರಕ್ತದ ಭೇದಿ, ಬೆಳಕಿಗೆ ಕಣ್ಣು ಮುಚ್ಚುವುದು, ರೆಕ್ಕೆ ಜೋತು ಬೀಳುವುದು, ಸಿಕ್ಕಾಪಟ್ಟೆ ಬಾಯಾರಿಕೆ, ದಿಢೀರ್ ಸಾವು ಕಂಡರೆ ಅದು ಡಕ್ ಪ್ಲೇಗ್ ಇರಬಹುದು. ವೈರಸ್, ಔಷಧಿ ಇಲ್ಲ, ಲಸಿಕೆ ಇದೆ. ಹಕ್ಕಿಜ್ವರವೂ ಇರಬಹುದು. 2012ರಲ್ಲಿ ಹೆಸರಘಟ್ಟದ ಅದೇ ಕೇಂದ್ರದಲ್ಲಿ ಟರ್ಕಿ ಕೋಳಿಗಳಲ್ಲಿ ಕಾಣಿಸಿಕೊಂಡಿತ್ತು, ಅಲ್ಲಿದ್ದ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚೀಲದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡೂ ಹೋಗಬೇಡಿ. 1962ಕ್ಕೆ ಫೋನ್ ಮಾಡಿ, ಪಶುಪಾಲನಾ ಇಲಾಖೆಯವರು ಏನು ಮಾಡಬೇಕು ಅಂತ ಹೇಳುತ್ತಾರೆ.

ಎದುರು ಮನೆ ಕಟ್ಟುತ್ತಿದ್ದರೆ ಜಿಐ ಶೀಟಿನ (ಸತು ಬಳಿದ ತಗಡಿನ) ಚೂರು, ತಂತಿ, ಮೊಳೆ ಆರಿಸಿ ತೆಗೆಯಿರಿ. ಹೊಳೆಯುವುದನ್ನೆಲ್ಲ ಬಾತು ನುಂಗುತ್ತದೆ. ಸತು, ಸೀಸ ಹೊಟ್ಟೆಗೆ ಹೋದರೂ ಹಸಿರು ಹಿಕ್ಕೆ ಬರುತ್ತದೆ, ಕಾಲು ಸೋಲುತ್ತದೆ.

ಉಲ್ಲಾಳ ಬಾತುಮನೆ

ಅಪ್‌ಡೇಟ್. ಆಸ್ಪತ್ರೆಗೆ ಹೋಗಿ ಬಂದೆವು. ಒರೆಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು, ಯೀಸ್ಟೇ. ಹಿಕ್ಕೆಯಲ್ಲಿ ಹುಳ, ಕಾಕ್ಸಿಡಿಯಾ ಇಲ್ಲ. ನಿಸ್ಟಾಟಿನ್ ದ್ರವ ಬಾಯಿಗೆ, ಹೊರಗೆ ಹಚ್ಚಲು ಬೇರೆ ಮುಲಾಮು. ಎರಡು ಯಾಕೆ ಅಂತ ಕೇಳಿದ್ದಕ್ಕೆ, ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆ, ತಗುಲಿದ ಕಡೆ ಮಾತ್ರ ಕೆಲಸ ಮಾಡುತ್ತದೆ ಅಂದರು. ಹಿಂಡಿಯ ವಿಷಯ ಹೇಳಿದೆ, ತಕ್ಷಣ ನಿಲ್ಲಿಸಿ ಅಂದರು. ಹೂತಾಯಿತು. ಹಾಲಿನವನಿಗೆ ಕೋಪ.

ವಾಸನೆ ಕಡಿಮೆಯಾಗಿದೆ. ನಿನ್ನೆ ತಟ್ಟೆಗೆ ಮುನ್ನುಗ್ಗಿ ಬಿಳಿಯನನ್ನು ತಳ್ಳಿದಳು, ಅಮ್ಮ ಚಪ್ಪಾಳೆ ತಟ್ಟಿದರು.

ಒಂದೇ ಪ್ರಶ್ನೆ ಉಳಿದಿದೆ. ಕೆಂಚಿಯ ಮೊಟ್ಟೆ ತಿನ್ನುತ್ತಿಲ್ಲ. ಉಳಿದೆರಡರ ಮೊಟ್ಟೆ ತಿನ್ನಬಹುದಲ್ವಾ? ಅವಕ್ಕೆ ಔಷಧಿ ಕೊಟ್ಟಿಲ್ಲ.

ಯಲಹಂಕದ ಅಜ್ಜಿ

ಹಳದಿ ಪುಡಿ ಬೆರೆಸಿದ ನೀರನ್ನು ಕೆಂಚಿ ಒಬ್ಬಳೇ ಕುಡಿದಳಾ? ಒಂದೇ ತೊಟ್ಟಿ ಅಂದರೆ ನಾಲ್ಕೂ ಕುಡಿದಿವೆ. ಹಿಂಡಿಯನ್ನೂ ನಾಲ್ಕೂ ತಿಂದಿವೆ.

ಪ್ರತಿ ಔಷಧಿಗೂ ಕೊನೆಯ ಡೋಸಿನ ನಂತರ ಇಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಲೆಕ್ಕ ಇರುತ್ತದೆ. ಹೆಸರೇ ಇಲ್ಲದ ಪುಡಿಗೆ ಯಾವ ಲೆಕ್ಕ ಹಾಕೋದು? ಕೋಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ಕನ್ನು ಕೋಳಿ, ದನಕ್ಕೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಬಿಡಿಯಾಗಿ ಕಟ್ಟಿ ಕೊಡುವ ಪುಡಿಯಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ. ಸ್ವಲ್ಪ ಉಳಿದಿದ್ದರೆ ಕವರ್ ಸಮೇತ ಡಾಕ್ಟರಿಗೆ ತೋರಿಸಿ, ಎಷ್ಟು ದಿನ ಬಿಡಬೇಕು ಅಂತ ಅವರೇ ಹೇಳಲಿ. ಅಲ್ಲಿಯವರೆಗೆ ಮೂರರ ಮೊಟ್ಟೆಯೂ ಬೇಡ. ಬೇಯಿಸಿ ಬಾತಿಗೇ ಹಾಕಬೇಡಿ, ಪಕ್ಕದ ಮನೆಗೂ ಕೊಡಬೇಡಿ. ತೆಂಗಿನ ಮರ ಇದ್ದರೆ ಅದರ ಬುಡಕ್ಕೆ ಹೂತುಹಾಕಿ.